ಇಬ್ಬರ ಜಗಳದಲ್ಲಿ ಮೂರನೆಯವರಿಗೆ ನಷ್ಟ

1992ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಶ್ರೀಮಂತ ಉದ್ಯಮಿ, ಅಧ್ಯಕ್ಷ ಹುದ್ದೆಗೆ ಪಕ್ಷೇತರನಾಗಿ ನಿಂತಿದ್ದ ರಾಸ್ ಪೆರೋಗೆ 1.97 ಕೋಟಿ ಅಮೆರಿಕನ್ನರು ಮತ ಹಾಕಿದರು. ಶೇ 18.9. ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು. ಮೇನ್ ರಾಜ್ಯದಲ್ಲಿ ಅವರು ಹಾಲಿ ಅಧ್ಯಕ್ಷ ಬುಷ್‌ರನ್ನು ಕೂದಲೆಳೆಯಲ್ಲಿ ಹಿಂದೆ ಹಾಕಿ ಎರಡನೆಯವರಾದರು, ಯೂಟಾದಲ್ಲಿ ಕ್ಲಿಂಟನ್‌ರನ್ನು ಮೂರನೇ ಸ್ಥಾನಕ್ಕೆ ತಳ್ಳಿದರು. ಅಧ್ಯಕ್ಷರನ್ನು ನಿಜವಾಗಿ ಆರಿಸುವುದು ರಾಜ್ಯಗಳಿಗೆ ಹಂಚಿದ 538 ಎಲೆಕ್ಟೋರಲ್ ಮತಗಳು, ಬಹುತೇಕ ಎಲ್ಲ ರಾಜ್ಯಗಳಲ್ಲೂ ಮೊದಲು ಬಂದವರಿಗೇ ಅಷ್ಟೂ. ಅವುಗಳಲ್ಲಿ ಪೆರೋಗೆ ಬಂದದ್ದು ಒಂದೂ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಮ್ಮಲ್ಲಿ 2018ರಲ್ಲಿ 224 ಸ್ಥಾನಗಳ ವಿಧಾನಸಭೆಯಲ್ಲಿ 37 ಗೆದ್ದ ಪಕ್ಷದ ನಾಯಕ ಮುಖ್ಯಮಂತ್ರಿಯಾದರು. ಇದನ್ನು ಕಂಡವರಿಗೆ ಅಮೆರಿಕದ ಲೆಕ್ಕ ವಿಚಿತ್ರ ಅನ್ನಿಸುವುದು ಸಹಜ. ಅಲ್ಲೂ ಇಲ್ಲೂ ಹೆಚ್ಚು ಮತ ಬಿದ್ದವನೇ ಗೆಲ್ಲುವ ಪದ್ಧತಿ. ಈ ಪದ್ಧತಿ ಇದ್ದಲ್ಲಿ ಎರಡೇ ಪಕ್ಷ ಉಳಿಯುತ್ತವೆ ಎಂದು ಫ್ರೆಂಚ್ ವಿದ್ವಾಂಸ ಮಾರಿಸ್ ಡುವರ್ಜೆ ಐವತ್ತರ ದಶಕದಲ್ಲೇ ಹೇಳಿದ್ದರು. ಅದು ಪೂರ್ತಿ ನಿಜವಾದರೆ ಇಂಡಿಯಾದಲ್ಲಿ ಇಷ್ಟೊಂದು ಪಕ್ಷಗಳು ಇರಬಾರದಿತ್ತು. ಆದರೆ ಒಂದೊಂದೇ ಕ್ಷೇತ್ರವನ್ನು ನೋಡಿದರೆ ಡುವರ್ಜೆ ಮಾತು ನಮ್ಮಲ್ಲೂ ಬಹಳ ಕಡೆ ಸರಿಹೋಗುತ್ತದೆ. ಹಳೇ ಮೈಸೂರಿನ ಎಷ್ಟೋ ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೂ ಜೆಡಿಎಸ್‌ಗೂ ನೇರ ಹಣಾಹಣಿ, ಕರಾವಳಿಯಲ್ಲಿ ಕಾಂಗ್ರೆಸ್‌ಗೂ ಬಿಜೆಪಿಗೂ. ಒಂದೊಂದು ಸೀಮೆಯಲ್ಲಿ ಇಬ್ಬಿಬ್ಬರೇ, ಕೂಡಿಸಿದರೆ ಮೂವರು.

ಅಮೆರಿಕದಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಮಿನ್ನೆಸೋಟದಲ್ಲಿ ಫಾರ್ಮರ್-ಲೇಬರ್ ಪಕ್ಷ 1930ರಲ್ಲಿ ಗವರ್ನರ್ ಪದವಿಯನ್ನೇ ಗೆದ್ದಿತ್ತು, ವಿಸ್ಕಾನ್ಸಿನ್‌ನಲ್ಲಿ ಪ್ರೋಗ್ರೆಸಿವ್ ಪಕ್ಷವಿತ್ತು. ಮೊದಲನೆಯದು 1944ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಕರಗಿತು, ಎರಡನೆಯದು 1946ರಲ್ಲಿ ಬಾಗಿಲು ಹಾಕಿತು. ಆಮೇಲೆ ಅಂಥವು ಯಾಕೆ ಹುಟ್ಟಲಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ. ಜನ ಎರಡೇ ಪಕ್ಷಗಳನ್ನು ಮೆಚ್ಚಿಕೊಂಡಿದ್ದಾರೆ ಎಂಬ ಉತ್ತರ ಮಾತ್ರ ನಿಲ್ಲುವುದಿಲ್ಲ. ತಮ್ಮನ್ನು ಸ್ವತಂತ್ರರು ಎಂದು ಕರೆದುಕೊಳ್ಳುವವರ ಪ್ರಮಾಣ ಅಲ್ಲಿನ ಸಮೀಕ್ಷೆಗಳಲ್ಲಿ ಎರಡರಲ್ಲಿ ಯಾವುದೇ ಒಂದು ಪಕ್ಷದ ಬೆಂಬಲಿಗರಿಗಿಂತ ಹೆಚ್ಚೇ ಇರುತ್ತದೆ.

ಒಂದೇ ವರ್ಷ, ಇಬ್ಬರು ಮೂರನೆಯವರು

ಇದನ್ನು ಅರ್ಥ ಮಾಡಿಕೊಳ್ಳಲು 1948ಕ್ಕಿಂತ ಒಳ್ಳೆಯ ಪಾಠವಿಲ್ಲ. ಆ ವರ್ಷ ಡೆಮಾಕ್ರಟ್ ಟ್ರೂಮನ್ ಮತ್ತು ರಿಪಬ್ಲಿಕನ್ ಡ್ಯೂಯಿ ನಡುವಿನ ಸ್ಪರ್ಧೆಗೆ ಇನ್ನಿಬ್ಬರು ಇಳಿದಿದ್ದರು. ಕರಿಯರಿಗೆ ಸಮಾನ ಹಕ್ಕು ಕೊಡಬಾರದು ಎಂದು ಹಟ ಹಿಡಿದ ದಕ್ಷಿಣದ ಸ್ಟ್ರಾಮ್ ಥರ್ಮಂಡ್ ಒಬ್ಬರು, ಎಡಪಂಥದ ಹೆನ್ರಿ ವ್ಯಾಲೇಸ್ ಇನ್ನೊಬ್ಬರು. ಥರ್ಮಂಡ್‌ಗೆ ಸುಮಾರು 11.75 ಲಕ್ಷ ಮತ, ವ್ಯಾಲೇಸ್‌ಗೆ ಸುಮಾರು 11.57 ಲಕ್ಷ. ಇಬ್ಬರದೂ ಶೇ 2.4ರ ಆಸುಪಾಸು. ಥರ್ಮಂಡ್‌ಗೆ 39 ಎಲೆಕ್ಟೋರಲ್ ಮತ ಬಂದವು, ವ್ಯಾಲೇಸ್‌ಗೆ ಒಂದೂ ಇಲ್ಲ.

ಒಬ್ಬರ ಮತ ಒಂದು ಸೀಮೆಯಲ್ಲಿ ರಾಶಿ ಬಿದ್ದಿತ್ತು, ಇನ್ನೊಬ್ಬರದು ದೇಶದ ತುಂಬ ಚೆಲ್ಲಿಹೋಗಿತ್ತು ಎಂದು ಸಾಮಾನ್ಯವಾಗಿ ಇದನ್ನು ವಿವರಿಸುತ್ತಾರೆ. ನಿಜವೇ, ಆದರೆ ಅರ್ಧ ನಿಜ. ಥರ್ಮಂಡ್ ಗೆದ್ದ ನಾಲ್ಕು ರಾಜ್ಯಗಳಾದ ಅಲಬಾಮಾ, ಲೂಸಿಯಾನ, ಮಿಸಿಸಿಪಿ, ಸೌತ್ ಕೆರೊಲಿನಾಗಳಲ್ಲಿ ಅವರ ಹೆಸರು ಮತಪತ್ರದ ಮೇಲೆ ಇದ್ದದ್ದು ಡೆಮಾಕ್ರಟಿಕ್ ಪಕ್ಷದ ಅಧಿಕೃತ ಅಭ್ಯರ್ಥಿಯಾಗಿ. ಅಲಬಾಮಾದಲ್ಲಿ ಹಾಲಿ ಅಧ್ಯಕ್ಷ ಟ್ರೂಮನ್ ಹೆಸರು ಮತಪತ್ರದಲ್ಲೇ ಇರಲಿಲ್ಲ! ಪಕ್ಕದ ಜಾರ್ಜಿಯಾದಲ್ಲಿ ಡೆಮಾಕ್ರಟಿಕ್ ಹೆಸರು ಟ್ರೂಮನ್ ಕೈಯಲ್ಲೇ ಉಳಿಯಿತು, ಅಲ್ಲಿ ಥರ್ಮಂಡ್ ಸೋತರು. ಮೂರನೇ ಪಕ್ಷದವನು ಗೆದ್ದದ್ದು ಎರಡರಲ್ಲಿ ಒಂದು ಪಕ್ಷದ ಹೆಸರನ್ನು ಎತ್ತಿಕೊಂಡ ಕಡೆ ಮಾತ್ರ. ಮುಂದಿನ ಮುಕ್ಕಾಲು ಶತಮಾನದ ಕಥೆ ಇದರೊಳಗೇ ಇದೆ.

1968ರಲ್ಲಿ ಅಲಬಾಮಾದ ಜಾರ್ಜ್ ವ್ಯಾಲೇಸ್ (1948ರ ಹೆನ್ರಿ ಅಲ್ಲ) ಮಾತ್ರ ಸ್ವಂತ ಪಕ್ಷ ಕಟ್ಟಿ ದಕ್ಷಿಣದ ಐದು ರಾಜ್ಯ ಗೆದ್ದು 46 ಎಲೆಕ್ಟೋರಲ್ ಮತ ಪಡೆದರು. ಯಾರಿಗೂ ಬಹುಮತ ಬಾರದಂತೆ ಮಾಡಿ, ಆಮೇಲೆ ಚೌಕಾಸಿಗೆ ಕೂರುವುದು ಅವರ ಲೆಕ್ಕಾಚಾರ. ನಮಗೆ ಚೆನ್ನಾಗಿ ಗೊತ್ತಿರುವ ಆಟವೇ. ನಿಕ್ಸನ್ 301 ಮತ ಪಡೆದದ್ದರಿಂದ ಅದು ನಡೆಯಲಿಲ್ಲ. ಬಹುಮತಕ್ಕೆ 270 ಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಹನ್ನೆರಡನೇ ತಿದ್ದುಪಡಿಯ ಪ್ರಕಾರ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ (ನಮ್ಮ ಲೋಕಸಭೆಯ ಹಾಗಿನ ಸದನ) ಅಧ್ಯಕ್ಷರನ್ನು ಆರಿಸುತ್ತದೆ, ರಾಜ್ಯಕ್ಕೆ ಒಂದೇ ಮತ. 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಒಂದು, 6 ಲಕ್ಷಕ್ಕೂ ಕಡಿಮೆ ಜನರ ವಯೋಮಿಂಗ್‌ಗೂ ಒಂದು. ಆ ಸದನದಲ್ಲಿ ಕೂತಿರುವವರು ಹೆಚ್ಚುಕಮ್ಮಿ ಎಲ್ಲ ಎರಡು ಪಕ್ಷಗಳವರು. ಅತಂತ್ರ ಸ್ಥಿತಿ ಬಂದರೂ ಮೂರನೆಯವನು ಬಾಗಿಲ ಹೊರಗೇ ನಿಲ್ಲಬೇಕು. ಸಮ್ಮಿಶ್ರ ಸರ್ಕಾರ ಎಂಬ ಮಾತೇ ಇಲ್ಲದ ಕಡೆ 37 ಸ್ಥಾನಕ್ಕೆ ಬೆಲೆ ಎಲ್ಲಿಂದ ಬರಬೇಕು?

ಸಹಿ ಹಾಳೆಯ ಕಥೆ

ಇದೆಲ್ಲ ಗೆಲ್ಲುವ ಮಾತಾಯಿತು. ಬಹಳ ಜನ ಅದಕ್ಕೂ ಮೊದಲೇ, ಮತಪತ್ರದ ಮೇಲೆ ಹೆಸರು ಬರುವ ಹಂತದಲ್ಲೇ ಬೀಳುತ್ತಾರೆ. ಲೋಕಸಭೆಗೆ ನಿಲ್ಲುವ ಪಕ್ಷೇತರನಿಗೆ ನಮ್ಮಲ್ಲಿ ಹತ್ತು ಜನ ಸೂಚಕರು, 25,000 ರೂಪಾಯಿ ಠೇವಣಿ ಸಾಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರರ್ಧ). ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದು ಚುನಾವಣಾ ಆಯೋಗ ಈ ಕೆಲಸ ಮಾಡುವುದಿಲ್ಲ. 50 ರಾಜ್ಯ, ವಾಷಿಂಗ್ಟನ್ ಡಿಸಿ, ಒಟ್ಟು 51 ನಿಯಮಾವಳಿ. ಅಧ್ಯಕ್ಷ ಹುದ್ದೆಗೆ ನಿಲ್ಲುವ ಪಕ್ಷೇತರನಿಗೆ ಟೆನೆಸಿಯಲ್ಲಿ 275 ಸಹಿ ಸಾಕು. ಕ್ಯಾಲಿಫೋರ್ನಿಯಾದಲ್ಲಿ 2024ಕ್ಕೆ ಬೇಕಾಗಿದ್ದದ್ದು 2,19,403. ಟೆಕ್ಸಾಸ್‌ನಲ್ಲಿ 1,13,151 ಸಹಿ, ಅದರ ಜೊತೆಗೊಂದು ಕೊಕ್ಕೆ: ಆ ವರ್ಷ ಎರಡು ಪಕ್ಷಗಳ ಪೈಕಿ ಯಾವುದರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ಮತ ಹಾಕಿದವರೂ ಸಹಿ ಹಾಕುವಂತಿಲ್ಲ. ಪ್ರೈಮರಿ ನಡೆದದ್ದು ಮಾರ್ಚ್ 5ಕ್ಕೆ, ಸಹಿ ಸಂಗ್ರಹ ಶುರುವಾಗುವುದು ಮಾರನೇ ದಿನ, ಗಡುವು ಮೇ 13. ರಾಜಕೀಯದಲ್ಲಿ ಆಸಕ್ತಿ ಇರುವವರೆಲ್ಲ ಹಿಂದಿನ ದಿನವೇ ಅನರ್ಹರಾಗಿರುತ್ತಾರೆ. ಉಳಿದವರನ್ನು ಹುಡುಕಿಕೊಂಡು ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಲ್ಲಬೇಕು.

ನ್ಯೂಯಾರ್ಕಿನದು ಇನ್ನೂ ಬಿಗಿ. 2020ರವರೆಗೆ ಅಲ್ಲಿ 15,000 ಸಹಿ ಸಾಕಿತ್ತು. ಆ ವರ್ಷ ಅದನ್ನು 45,000ಕ್ಕೆ ಏರಿಸಿದರು. ರಾಜ್ಯದ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಕ್ಷೇತ್ರಗಳಲ್ಲಿ ಕನಿಷ್ಠ ಅರ್ಧದಷ್ಟರಲ್ಲಿ ತಲಾ 500 ಸಹಿ ಇರಲೇಬೇಕು. ಅವಧಿ 42 ದಿನ. ಲೆಕ್ಕ ಹಾಕಿ ನೋಡಿ: ದಿನಕ್ಕೆ 1,070ಕ್ಕೂ ಹೆಚ್ಚು ಸಹಿ, ಅದೂ ಒಂದೂ ತಿರಸ್ಕೃತವಾಗದಿದ್ದರೆ. ಅನುಭವಸ್ಥರು ಯಾರೂ ಬೇಕಾದಷ್ಟೇ ಸಹಿ ತಂದು ನಿಲ್ಲಿಸುವುದಿಲ್ಲ, ಒಂದೂವರೆ ಪಟ್ಟಾದರೂ ಬೇಕು ಅನ್ನುತ್ತಾರೆ. ಹಾಗಾದರೆ 67,500, ದಿನಕ್ಕೆ 1,600ರ ಮೇಲೆ.

ಸಹಿ ತಿರಸ್ಕೃತವಾಗುವುದು ಯಾಕೆ? ಒಂದು ಹಾಳೆಯನ್ನು ಮುಂದಿಟ್ಟುಕೊಂಡರೆ ಗೊತ್ತಾಗುತ್ತದೆ. ಸಾಲಿಗೊಬ್ಬರು: ದಿನಾಂಕ, ಸಹಿ, ಹೆಸರು, ಮನೆ ವಿಳಾಸ. ಹಾಳೆಯ ಕೆಳಗೆ ಸಹಿ ಮಾಡಿಸಿದವರ ಪ್ರಮಾಣ: ಇವರೆಲ್ಲ ನನ್ನ ಕಣ್ಣೆದುರೇ ಸಹಿ ಹಾಕಿದ್ದಾರೆ, ಒಟ್ಟು ಇಷ್ಟು ಸಹಿ. ಸಹಿ ಹಾಕಿದವರು ಮನೆ ಬದಲಿಸಿ ಮತದಾರರ ಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿದಿರಬಹುದು. ಪಟ್ಟಿಯಲ್ಲಿ ಹೆಸರೇ ಇಲ್ಲದಿರಬಹುದು. ತಾನು ಮತದಾರ ಎಂದು ಖಂಡಿತವಾಗಿ ನಂಬಿಕೊಂಡವರಲ್ಲೂ ಇದು ಸಾಮಾನ್ಯ. ಅದೇ ಹುದ್ದೆಗೆ ಬೇರೆಯವರ ಹಾಳೆಯಲ್ಲೂ ಸಹಿ ಹಾಕಿರಬಹುದು. ಗಂಡನ ಸಾಲನ್ನು ಹೆಂಡತಿಯೇ ತುಂಬಿರಬಹುದು. ದಿನಾಂಕದ ಜಾಗದಲ್ಲಿ ಮೇಲಿನವರದ್ದೇ ಎಂಬಂತೆ ಎರಡು ಗೀಟು ಎಳೆದಿರಬಹುದು. ಕೆಲವೆಡೆ ಒಂದು ಹಾಳೆಯಲ್ಲಿ ಒಂದೇ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇರಬೇಕು, ಪಕ್ಕದ ಕೌಂಟಿಯಿಂದ ಸಾಮಾನು ತರಲು ಬಂದವರ ಸಹಿ ವ್ಯರ್ಥ. ಕೆಳಗಿನ ಪ್ರಮಾಣದಲ್ಲಿ ತಪ್ಪಿದ್ದರೆ ಮೇಲಿನ ಇಡೀ ಹಾಳೆಯೇ ಹೋಗುತ್ತದೆ. ಸಹಿಗೆ ಇಷ್ಟು ಎಂದು ಕೂಲಿ ಕೊಟ್ಟು ಜನ ನೇಮಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಸಂಜೆಯ ಹೊತ್ತಿಗೆ ಲೆಕ್ಕ ತುಂಬಿಸುವ ಆಸೆಗೆ ಸುಳ್ಳು ಹೆಸರೂ ಸೇರಿಕೊಳ್ಳುತ್ತವೆ.

ಇದನ್ನೆಲ್ಲ ಹುಡುಕಿ ತೆಗೆಯುವುದು ಸಾಮಾನ್ಯವಾಗಿ ಸರ್ಕಾರಿ ಗುಮಾಸ್ತರ ಕೆಲಸವಲ್ಲ, ಎದುರಾಳಿ ಪಕ್ಷದ ವಕೀಲರದು. 2004ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪಕ್ಷೇತರನಾಗಿ ಅಧ್ಯಕ್ಷ ಹುದ್ದೆಗೆ ನಿಂತ ರಾಲ್ಫ್ ನೇಡರ್‌ಗೆ ಆದದ್ದು ಇದೇ. ಬೇಕಾಗಿದ್ದದ್ದು 25,697 ಸಹಿ, ಅವರ ಕಡೆಯವರು ತಂದದ್ದು 51,273. ಎರಡು ಪಟ್ಟು! ನಾಲ್ಕು ವರ್ಷದ ಹಿಂದೆ ಫ್ಲಾರಿಡಾದಲ್ಲಿ ನೇಡರ್‌ಗೆ 97,488 ಮತ ಬಿದ್ದು, ಮಗ ಬುಷ್ (ಜಾರ್ಜ್ ಡಬ್ಲ್ಯು.) ಅಲ್ಲಿ 537 ಮತಗಳಿಂದ ಗೆದ್ದು ಅಧ್ಯಕ್ಷರಾದ ಗಾಯ ಡೆಮಾಕ್ರಟರಿಗೆ ಇನ್ನೂ ಹಸಿಯಾಗಿತ್ತು. ಅವರು ಸಾಲು ಸಾಲಾಗಿ ಆಕ್ಷೇಪ ಎತ್ತಿದರು. ನ್ಯಾಯಾಧೀಶರು ವಾರಗಟ್ಟಲೆ ಹಾಳೆಗಳನ್ನು ಪರಿಶೀಲಿಸಿ, ಊರ್ಜಿತ ಸಹಿ 18,818 ಎಂದು ತೀರ್ಪು ಕೊಟ್ಟರು. ಮಿಕ್ಕಿ ಮೌಸ್ ಹೆಸರಲ್ಲೂ ಸಹಿ ಇತ್ತು ಎಂಬುದು ಪತ್ರಿಕೆಗಳಿಗೆ ಒಳ್ಳೆಯ ತಲೆಬರಹವಾಯಿತು. ನಿಜವಾಗಿ ಖೋಟಾ ಎಂದು ಕಂಡುಬಂದದ್ದು ಶೇ 2ಕ್ಕೂ ಕಡಿಮೆ, ಮಿಕ್ಕದ್ದು ಬಹುಪಾಲು ವಿಳಾಸ, ದಿನಾಂಕ, ನೋಂದಣಿಯ ತಕರಾರು. ನೇಡರ್ ಹೆಸರು ಮತಪತ್ರದಿಂದ ಹೋಯಿತು. ಅದರ ಮೇಲೆ ಎದುರಾಳಿಗಳ ಖರ್ಚು 81,000 ಡಾಲರ್‌ಗೂ ಹೆಚ್ಚು ಕಟ್ಟಿಕೊಡಬೇಕೆಂಬ ಆದೇಶವೂ ಬಂತು. ಕೆಲವು ವರ್ಷಗಳ ನಂತರ ಒಂದು ಗ್ರ್ಯಾಂಡ್ ಜ್ಯೂರಿ ತನಿಖೆಯಲ್ಲಿ, ಸಹಿ ಪರಿಶೀಲಿಸಿದವರಲ್ಲಿ ಶಾಸನಸಭೆಯ ಸರ್ಕಾರಿ ಸಂಬಳದ ನೌಕರರೂ ಇದ್ದರು ಎಂದು ಬಯಲಾಯಿತು. ಅಷ್ಟರಲ್ಲಿ ಚುನಾವಣೆ ಮುಗಿದು ಬಹಳ ಕಾಲವಾಗಿತ್ತು.

ಕೋರ್ಟಿಗೆ ಹೋದರೆ ನ್ಯಾಯ ಸಿಗುವುದೇ ಇಲ್ಲ ಎಂದಲ್ಲ. 1980ರಲ್ಲಿ ಜಾನ್ ಆಂಡರ್ಸನ್ ಪಕ್ಷೇತರನಾಗಿ ನಿಲ್ಲುತ್ತೇನೆಂದು ಘೋಷಿಸಿದ್ದು ಏಪ್ರಿಲ್‌ನಲ್ಲಿ. ಓಹಾಯೋದ ಗಡುವು ಮಾರ್ಚಿನಲ್ಲೇ ಮುಗಿದಿತ್ತು. ಇಷ್ಟು ಮುಂಚಿನ ಗಡುವು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ಹೇಳಿತು. 1983ರಲ್ಲಿ!

ಜಾರ್ಜಿಯಾದ್ದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಹೌಸ್‌ಗೆ ನಿಲ್ಲಬೇಕಾದ ಮೂರನೇ ಪಕ್ಷದವನು ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ಶೇ 5ರಷ್ಟು ಜನರ ಸಹಿ ತರಬೇಕು. ಕಾನೂನು 1943ರದ್ದು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯುವ ಹೊತ್ತಿಗೆ, ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಣ್ಣ ಪಕ್ಷದ ಅಭ್ಯರ್ಥಿಯೂ ಆ ಗೆರೆ ದಾಟಿರಲಿಲ್ಲ.

ಹದಿನೈದರ ಗೆರೆ

ಹೆಸರು ಬಂತು ಅಂದುಕೊಳ್ಳೋಣ. ಮುಂದೆ ಟಿವಿ ಚರ್ಚೆ. ಪೆರೋಗೆ 1992ರಲ್ಲಿ ಬಿದ್ದ ಮತಗಳ ಗುಟ್ಟು ಇಲ್ಲಿದೆ. ಜುಲೈನಲ್ಲಿ ಕಣದಿಂದ ಹಿಂದೆ ಸರಿದು, ಅಕ್ಟೋಬರ್ 1ಕ್ಕೆ ಮತ್ತೆ ಬಂದು ನಗೆಪಾಟಲಾಗಿದ್ದ ಮನುಷ್ಯ. ಸಮೀಕ್ಷೆಗಳಲ್ಲಿ ಎರಡಂಕಿ ಮುಟ್ಟುವುದೂ ಕಷ್ಟವಿತ್ತು. ಸ್ವಂತ ದುಡ್ಡಿನಿಂದ ಅರ್ಧ ಗಂಟೆಯ ಟಿವಿ ಸಮಯ ಕೊಂಡು, ಮೇಜಿನ ಹಿಂದೆ ಕೂತು, ಕೈಯಲ್ಲೊಂದು ಕಡ್ಡಿ ಹಿಡಿದು ಬಜೆಟ್ ಕೊರತೆಯ ನಕ್ಷೆಗಳನ್ನು ಒಂದೊಂದಾಗಿ ತೋರಿಸಿದರು, ಥೇಟ್ ಗಣಿತದ ಮೇಷ್ಟ್ರ ಹಾಗೆ. ಜನ ಕೂತು ನೋಡಿದರು! ಆಮೇಲೆ ಮೂರು ಚರ್ಚೆಗಳಲ್ಲಿ ಬುಷ್, ಕ್ಲಿಂಟನ್ ಪಕ್ಕದಲ್ಲೇ ನಿಂತರು. ಒಂದೇ ತಿಂಗಳಲ್ಲಿ ಅವರ ಬೆಂಬಲ ಸುಮಾರು ಎರಡರಷ್ಟಾಯಿತು.

ಚರ್ಚೆ ನಡೆಸುತ್ತಿದ್ದ ಕಮಿಷನ್ ಆನ್ ಪ್ರೆಸಿಡೆನ್ಷಿಯಲ್ ಡಿಬೇಟ್ಸ್ ಎಂಬ ಸಂಸ್ಥೆಯನ್ನು 1987ರಲ್ಲಿ ಹುಟ್ಟುಹಾಕಿದವರು ಆಗಿನ ಎರಡೂ ಪಕ್ಷಗಳ ಅಧ್ಯಕ್ಷರು. 1996ರಲ್ಲಿ ಪೆರೋ ಮತ್ತೆ ನಿಂತಾಗ, ಗೆಲ್ಲುವ ಸಾಧ್ಯತೆ ಇಲ್ಲವೆಂದು ಅವರನ್ನು ವೇದಿಕೆಗೆ ಕರೆಯಲಿಲ್ಲ. ಮತ ಶೇ 8.4ಕ್ಕೆ ಇಳಿಯಿತು. 2000ದಿಂದ ಐದು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಸರಾಸರಿ ಶೇ 15 ಇರಬೇಕೆಂಬ ನಿಯಮ ಬಂತು. ವೇದಿಕೆ ಹತ್ತಲು ಶೇ 15 ಬೇಕು, ಶೇ 15 ಬರಬೇಕಾದರೆ ವೇದಿಕೆ ಹತ್ತಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. 2016ರ ಬೇಸಿಗೆಯಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಸಮೀಕ್ಷೆಗಳಲ್ಲಿ ಶೇ 8, 9ರಲ್ಲಿದ್ದರು, 50 ರಾಜ್ಯಗಳಲ್ಲೂ ಹೆಸರಿತ್ತು. ಕೊನೆಗೆ ಬಂದದ್ದು ಶೇ 3.3. ಚುನಾವಣೆ ಹತ್ತಿರವಾದಂತೆ ಮತ ಯಾಕೆ ವ್ಯರ್ಥ ಮಾಡಲಿ ಎಂದು ಜನ ಹಿಂದೆ ಸರಿಯುವುದು ಪ್ರತಿ ಸಲದ ಕಥೆ.

ಟಿಕೆಟ್ ಸಿಗದವರು ಎಲ್ಲಿ ಹೋಗುತ್ತಾರೆ?

ನನ್ನ ಮಟ್ಟಿಗೆ ಸಹಿ, ಚರ್ಚೆ, ದುಡ್ಡು ಇವೆಲ್ಲಕ್ಕಿಂತ ಗಟ್ಟಿಯಾದ ಗೋಡೆ ಬೇರೆಯೇ ಇದೆ. ಅದು ನೋಡಲು ಗೋಡೆಯ ಹಾಗೆ ಕಾಣುವುದಿಲ್ಲ, ತೆರೆದ ಬಾಗಿಲಿನ ಹಾಗೆ ಕಾಣುತ್ತದೆ: ಪ್ರೈಮರಿ.

ನಮ್ಮಲ್ಲಿ ಹೊಸ ಪಕ್ಷಗಳಿಗೆ ಆಳು ಎಲ್ಲಿಂದ ಬರುತ್ತಾರೆ? ಟಿಕೆಟ್ ತಪ್ಪಿದವರಿಂದ, ಹೈಕಮಾಂಡ್ ಮೇಲೆ ಮುನಿಸಿಕೊಂಡವರಿಂದ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಗೆದ್ದದ್ದು ಆರೇ ಸ್ಥಾನ, ಆದರೆ ಶೇ 10ರ ಹತ್ತಿರ ಮತ ಕಿತ್ತುಕೊಂಡು ಬಿಜೆಪಿಯನ್ನು 40ಕ್ಕೆ ಇಳಿಸಿತು. ಮರುವರ್ಷವೇ ಅವರನ್ನು ಮರಳಿ ಮನೆಗೆ ಕರೆಸಿಕೊಳ್ಳಬೇಕಾಯಿತು. ಬಂಡಾಯಕ್ಕೆ ಇಲ್ಲಿ ಬೆಲೆ ಇದೆ. ಅಮೆರಿಕದಲ್ಲಿ ಟಿಕೆಟ್ ಕೊಡುವ ಹೈಕಮಾಂಡೇ ಇಲ್ಲ. ಯಾರು ಬೇಕಾದರೂ ರಿಪಬ್ಲಿಕನ್ ಎಂದೋ ಡೆಮಾಕ್ರಟ್ ಎಂದೋ ಪ್ರೈಮರಿಗೆ ಇಳಿಯಬಹುದು. ಗೆದ್ದರೆ ಪಕ್ಷದ ಹೆಸರು, ಹಣ, ಮತಪತ್ರದ ಜಾಗ ಎಲ್ಲವೂ ಅವರದ್ದೇ, ಪಕ್ಷದ ಹಿರಿಯರಿಗೆ ಇಷ್ಟವಿರಲಿ ಬಿಡಲಿ. ಡೊನಾಲ್ಡ್ ಟ್ರಂಪ್ 2000ದ ಚುನಾವಣೆಗೆ ಪೆರೋ ಕಟ್ಟಿದ್ದ ರಿಫಾರ್ಮ್ ಪಕ್ಷದಲ್ಲಿ ಅದೃಷ್ಟ ನೋಡಿ, ಫೆಬ್ರವರಿ ಹೊತ್ತಿಗೆ ಕೈಬಿಟ್ಟರು. ಹದಿನಾರು ವರ್ಷಗಳ ನಂತರ ರಿಪಬ್ಲಿಕನ್ ಪ್ರೈಮರಿಗೆ ಇಳಿದು ಇಡೀ ಪಕ್ಷವನ್ನೇ ತಮ್ಮದಾಗಿಸಿಕೊಂಡರು. ಅದೇ ವರ್ಷ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಬರ್ನಿ ಸ್ಯಾಂಡರ್ಸ್ ಶೇ 43ರಷ್ಟು ಮತ ಪಡೆದರು. ಮೂರನೇ, ನಾಲ್ಕನೇ ಪಕ್ಷಗಳು ಅಲ್ಲಿ ಇಲ್ಲವೆಂದಲ್ಲ, ಎರಡು ಪಕ್ಷಗಳ ಹೊಟ್ಟೆಯೊಳಗೆ ಇವೆ. ಹೊಸ ಮನೆ ಕಟ್ಟಲು 51 ಕಡೆ ಅನುಮತಿ ಬೇಕಾದಾಗ, ಬೀಗ ಹಾಕದ ಹಳೇ ಮನೆಗೆ ನುಗ್ಗುವುದೇ ಜಾಣತನ.

ಒಳಗೆ ಹೋಗಿ ಸೋತರೆ? ಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲಬಾರದೆಂಬ ಕಾನೂನು ಬಹುತೇಕ ರಾಜ್ಯಗಳಲ್ಲಿದೆ, ಇಲ್ಲವೇ ಗಡುವುಗಳನ್ನೇ ಹಾಗೆ ಜೋಡಿಸಿರುತ್ತಾರೆ. ಕನೆಕ್ಟಿಕಟ್‌ನಲ್ಲಿ ಅದಿರಲಿಲ್ಲ. 2006ರ ಆಗಸ್ಟ್ 8ರಂದು ಸೆನೆಟರ್ ಜೋ ಲೀಬರ್ಮನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸೋತರು. ಸಹಿ ಹಾಳೆಗಳು ಮೊದಲೇ ತಯಾರಿದ್ದವು, ಮಾರನೇ ದಿನ ಸಲ್ಲಿಸಿ, ನವೆಂಬರ್‌ನಲ್ಲಿ ಗೆದ್ದರು. ಅಲಾಸ್ಕಾದಲ್ಲಿ 2010ರಲ್ಲಿ ಲೀಸಾ ಮರ್ಕಾವ್ಸ್ಕಿ ಪ್ರೈಮರಿ ಸೋತ ಮೇಲೆ ಉಳಿದದ್ದು ಒಂದೇ ದಾರಿ: ಮತದಾರರೇ ಖಾಲಿ ಜಾಗದಲ್ಲಿ ಅವರ ಹೆಸರನ್ನು ಕೈಯಾರೆ ಬರೆಯಬೇಕು. ಅವರ ಹೆಸರಿನ ಸ್ಪೆಲಿಂಗೋ, ದೇವರೇ ಗತಿ. ಸ್ಪೆಲಿಂಗ್ ಕಲಿಸುವ ಟಿವಿ ಜಾಹೀರಾತು ಮಾಡಿದರು, ಹೆಸರು ಅಚ್ಚಾದ ಕೈಪಟ್ಟಿ ಹಂಚಿದರು. ಲಕ್ಷಕ್ಕೂ ಹೆಚ್ಚು ಜನ ಬರೆದರು, ಅವರು ಗೆದ್ದರು. ಒಂದೆರಡು ಅಕ್ಷರ ತಪ್ಪಿದರೂ ಮತ ಊರ್ಜಿತವೇ ಎಂಬುದನ್ನು ರಾಜ್ಯದ ಸುಪ್ರೀಂ ಕೋರ್ಟ್ ತೀರ್ಮಾನಿಸಬೇಕಾಯಿತು. ಇವರಿಬ್ಬರೂ ಆಗಲೇ ಸೆನೆಟರ್ ಆಗಿದ್ದವರು ಎಂಬುದನ್ನು ಮರೆಯಬಾರದು. ಹೊಸಬರಿಗೆ ಇಷ್ಟು ಜನ ಸ್ಪೆಲಿಂಗ್ ಕಲಿಯುವುದಿಲ್ಲ.

ಮಿನ್ನೆಸೋಟದ ಸಡಿಲ ಗಂಟು

ಹಾಗಾದರೆ 1998ರಲ್ಲಿ ಕುಸ್ತಿಪಟು ಜೆಸ್ಸಿ ವೆಂಚುರಾ ರಿಫಾರ್ಮ್ ಪಕ್ಷದಿಂದ ಮಿನ್ನೆಸೋಟದ ಗವರ್ನರ್ ಆದದ್ದು ಹೇಗೆ? ಮೇಲೆ ಹೇಳಿದ ಗಂಟುಗಳೆಲ್ಲ ಅಲ್ಲಿ ಒಂದೇ ಸಲಕ್ಕೆ ಸಡಿಲವಾಗಿದ್ದವು. 1994ರ ಸೆನೆಟ್ ಚುನಾವಣೆಯಲ್ಲಿ ಆ ಗುಂಪಿನ ಅಭ್ಯರ್ಥಿ ಶೇ 5 ದಾಟಿದ್ದರಿಂದ ರಾಜ್ಯದಲ್ಲಿ ದೊಡ್ಡ ಪಕ್ಷದ ಮಾನ್ಯತೆ ಸಿಕ್ಕಿತ್ತು, ಮತಪತ್ರದಲ್ಲಿ ಜಾಗಕ್ಕೆ ಅಲೆಯಬೇಕಿರಲಿಲ್ಲ. ಸರ್ಕಾರಿ ಚುನಾವಣಾ ನಿಧಿಯಲ್ಲಿ ಪಾಲಿತ್ತು. ಚರ್ಚೆಗಳಿಗೆ ಕರೆದರು. ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ನೋಂದಾಯಿಸಿ ಮತ ಹಾಕಬಹುದಿತ್ತು, ಸಮೀಕ್ಷೆಗಳ ಲೆಕ್ಕಕ್ಕೆ ಸಿಗದ ಹುಡುಗರು ಸಾಲುಗಟ್ಟಿ ಬಂದರು. ಕೊನೆಯವರೆಗೂ ಮೂರನೆಯವರೆಂದೇ ಎಣಿಸಲಾಗಿದ್ದ ವೆಂಚುರಾಗೆ ಶೇ 37, ರಿಪಬ್ಲಿಕನ್ ಕೋಲ್ಮನ್‌ಗೆ 34, ಡೆಮಾಕ್ರಟ್ ಹಂಫ್ರಿಗೆ 28. ಗೆದ್ದು ಹೋದ ಮೇಲೆ ಶಾಸನಸಭೆಯಲ್ಲಿ ಅವರ ಪಕ್ಷದವರು ಒಬ್ಬರೂ ಇರಲಿಲ್ಲ. ಒಂದೇ ಅವಧಿಗೆ ಅವರು ಸಾಕು ಅಂದರು.

ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮೇನ್‌ನಲ್ಲಿ ಅದು ಬರಲು ಕಾರಣವೇ 2010ರ ಗವರ್ನರ್ ಚುನಾವಣೆ: ಪಕ್ಷೇತರ ಎಲಿಯಟ್ ಕಟ್ಲರ್ ಶೇ 36ರ ಹತ್ತಿರ ಬಂದು ನಿಂತು, ರಿಪಬ್ಲಿಕನ್ ಲೆಪೇಜ್ ಶೇ 38ಕ್ಕೂ ಕಡಿಮೆ ಮತದಲ್ಲಿ ಗೆದ್ದರು. 2016ರಲ್ಲಿ ಜನಮತದಿಂದ ಹೊಸ ಪದ್ಧತಿ ಬಂತು. 2018ರಲ್ಲಿ ಅಲ್ಲಿನ ಎರಡನೇ ಹೌಸ್ ಕ್ಷೇತ್ರದಲ್ಲಿ ಪಕ್ಷೇತರರಿಗೆ ಬಿದ್ದ ಮತಗಳ ಎರಡನೇ ಆದ್ಯತೆ ಎಣಿಸಿದಾಗ ಫಲಿತಾಂಶವೇ ತಿರುಗಿತು. ಗೆದ್ದದ್ದು ಡೆಮಾಕ್ರಟ್ ಜೇರೆಡ್ ಗೋಲ್ಡನ್. ಮೂರನೆಯವರಿಗೆ ಮತ ಹಾಕಿದ ಪಾಪಪ್ರಜ್ಞೆಯನ್ನು ಈ ಪದ್ಧತಿ ಕಳೆಯುತ್ತದೆ, ಮೂರನೆಯವರನ್ನು ಗೆಲ್ಲಿಸುವುದು ಅದರ ಕೈಲಿಲ್ಲ. ಅಷ್ಟಕ್ಕೇ ವಿರೋಧ ಜೋರಾಗಿದೆ. 2024ರಲ್ಲಿ ಕೊಲರಾಡೊ, ಇಡಾಹೊ, ನೆವಾಡ, ಆರೆಗಾನ್ ನಾಲ್ಕೂ ಕಡೆ ಜನ ಅದನ್ನು ಬೇಡವೆಂದರು, ಅಲಾಸ್ಕಾದಲ್ಲಿ ಸಾವಿರಕ್ಕಿಂತ ಕಡಿಮೆ ಮತಗಳಲ್ಲಿ ಉಳಿದುಕೊಂಡಿತು. ಅದೇ ವರ್ಷ ನ್ಯೂಯಾರ್ಕಿನ ಮತಪತ್ರದಲ್ಲಿ ಅಧ್ಯಕ್ಷ ಹುದ್ದೆಗೆ ಅಚ್ಚಾದ ಹೆಸರುಗಳು ಎರಡೇ.

2025ರ ಜುಲೈನಲ್ಲಿ ಇಲಾನ್ ಮಸ್ಕ್ ಅಮೆರಿಕ ಪಾರ್ಟಿ ಎಂಬ ಹೊಸ ಪಕ್ಷ ಘೋಷಿಸಿದಾಗ, ಇಷ್ಟು ದುಡ್ಡಿದ್ದರೆ ಆಗದ್ದೇನು ಎಂದವರಿದ್ದರು. ದುಡ್ಡು ಪೆರೋ ಹತ್ತಿರವೂ ಇತ್ತು, 6 ಕೋಟಿ ಡಾಲರ್‌ಗೂ ಹೆಚ್ಚು ಸ್ವಂತದ್ದೇ ಸುರಿದಿದ್ದರು. ದಶಕಗಳಿಂದ ಪಕ್ಷೇತರನಾಗಿಯೇ ಗೆಲ್ಲುತ್ತ ಬಂದ ಸ್ಯಾಂಡರ್ಸ್ ಏನು ಮಾಡುತ್ತಾರೆ ನೋಡಿ. 2018ರಲ್ಲಿ ವರ್ಮಾಂಟಿನ ಸೆನೆಟ್ ಸ್ಥಾನಕ್ಕೆ ಮೊದಲು ಡೆಮಾಕ್ರಟಿಕ್ ಪ್ರೈಮರಿಗೆ ಹೆಸರು ಕೊಟ್ಟರು. ದೊಡ್ಡ ಅಂತರದಲ್ಲಿ ಗೆದ್ದರು. ಗೆದ್ದ ಮೇಲೆ ಆ ಪಕ್ಷದ ಅಭ್ಯರ್ಥಿತನ ಬೇಡವೆಂದು ಬರೆದುಕೊಟ್ಟರು. ನವೆಂಬರ್‌ನಲ್ಲಿ ಮತಪತ್ರದ ಮೇಲೆ ಡೆಮಾಕ್ರಟ್ ಯಾರೂ ಇರಲಿಲ್ಲ, ಸ್ಯಾಂಡರ್ಸ್ ಹೆಸರಿನ ಮುಂದೆ ಸ್ವತಂತ್ರ ಎಂದು ಅಚ್ಚಾಗಿತ್ತು.